ಸವಾಲಿಗಿಟ್ಟ ಭಾನುವಾರಗಳು

ಚಳಿಗಾಲದ ಭಾನುವಾರ ಬೆಳಿಗ್ಗೆ, ದೆಹಲಿಯಂಚಿನ ಇಂದಿರಾಪುರಂನ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿ ಹರಿಯಾಣದ ಅಜ್ಜಿಯೊಬ್ಬರು ಸಜ್ಜೆ ರೊಟ್ಟಿ ಬಡಿಯುತ್ತಾರೆ. ಗೋಡೆಯಾಚೆಯ ಆ ಪಟಪಟ ಸದ್ದು ಕೇಳುತ್ತ ನನ್ನ ಕೈಯಲ್ಲಿನ ಚಹಾ ಆರಿಹೋಗುತ್ತದೆ. ಅವ್ವ ನೆನಪಾಗುತ್ತಾಳೆ. ಹಿಂದೆಯೇ ಸಿಟ್ಟೂ ಬರುತ್ತದೆ, ಇಷ್ಟು ವರ್ಷದ ಮೇಲೂ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಅಪ್ಪ ದೆಹಲಿಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ನಮ್ಮದು ಎರಡು ಕೋಣೆಯ ಕ್ವಾರ್ಟರ್ಸ್. ವರ್ಷಕ್ಕೊಮ್ಮೆ ಅಲ್ಲಿನ ಕನ್ನಡದವರೆಲ್ಲ ಸೇರಿ ಊರ ಕಡೆಯ ಒಂದು ಶಾಲೆಗಾಗಿ ತಿಂಡಿಗಳ ಸವಾಲು, ಅಂದರೆ ಹರಾಜು, ನಡೆಸುತ್ತಿದ್ದರು. ಚಕ್ಕುಲಿ, ಶೇಂಗಾ ಹೋಳಿಗೆ, ಉಂಡಿ. ಹೆಚ್ಚು ಬೆಲೆ ಕೂಗಿದವರಿಗೆ ಡಬ್ಬಿ. ಒಂದು ವರ್ಷ ಸವಾಲು ನಡೆಸುವ ದೇಸಾಯಿ ಕಾಕಾ ಅವ್ವನ ರೊಟ್ಟಿಯ ಗಂಟು ಮುಟ್ಟಿ ನೋಡಿ, "ಜ್ವಾಳದ ರೊಟ್ಟಿ ಆರಿದ ಮ್ಯಾಲ ಏನು ರುಚಿ? ವೈನಿಯವರ ಒಂದು ಐತವಾರಾನ ಸವಾಲಿಗಿಡೂಣು. ಗೆದ್ದವರ ಮನಿಗೇ ಹೋಗಿ ಬಿಸಿಬಿಸಿ ಬಡೀತಾರ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವ್ವನನ್ನು ಯಾರೂ ಕೇಳಲಿಲ್ಲ.

ಒಂದು ಭಾನುವಾರ ಮರುವರ್ಷ ನಾಲ್ಕಾಯಿತು, ಅದರ ಮರುವರ್ಷ ಚಳಿಗಾಲವೆಲ್ಲ ಆಯಿತು. ಕೂಗುವವರು ಅಪ್ಪನ ಮೇಲಧಿಕಾರಿಗಳು. ಅಪ್ಪ ಬಾಯಿ ಬಿಡುವಂತಿರಲಿಲ್ಲ. ಅವ್ವ ಅವನಿಗಿಂತ ಹೆಚ್ಚು ಸಿಕ್ಕಿಹಾಕಿಕೊಂಡಿದ್ದಳು. ಆ ಶಾಲೆ ಅವಳದೇ ಊರಿನದು. ನಾಲ್ಕನೆಯ ತರಗತಿಯಾಚೆ ಕೋಣೆಯಿಲ್ಲವೆಂದು ಅವಳನ್ನು ಬಿಡಿಸಿದ್ದೂ ಅಲ್ಲಿಂದಲೇ. "ನಾ ಒಲ್ಲೆ ಅಂದ್ರ ಆ ಹುಡಿಗ್ಯಾರ ಗತಿ ಏನ?" ಎನ್ನುತ್ತ ಹಿಟ್ಟಿನ ಡಬ್ಬಿ ಹಿಡಿದು ಬಸ್ಸು ಹತ್ತುತ್ತಿದ್ದಳು. ಸಂಜೆ ಬಂದಾಗ ಅಂಗೈ ಕೆಂಪಗಿರುತ್ತಿತ್ತು. ನಾನು ವಾರವಿಡೀ ಕಾದ ದಿನ ಯಾರದೋ ಅಡುಗೆಮನೆಯಲ್ಲಿ ಮುಗಿದುಹೋಗಿರುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಆಗ ಗೊತ್ತಿದ್ದರೆ ಅವಳ ಮುಖಕ್ಕೇ ಅಂದುಬಿಡುತ್ತಿದ್ದೆ.

ನನಗೆ ಒಂಬತ್ತು ತುಂಬಿದ ವರ್ಷ, ಮೊದಲ ಭಾನುವಾರದ ಸವಾಲಿಗೇ ಕುರ್ಚಿಯ ಮೇಲೆ ನಿಂತು ಅಪ್ಪನ ಸಾಹೇಬರಿಗಿಂತ ಹೆಚ್ಚು ಕೂಗಿಬಿಟ್ಟೆ. ಎಲ್ಲರೂ ನಕ್ಕರು. ಸಾಹೇಬರು ಏರಿಸಿದರು, ನಾನೂ ಏರಿಸಿದೆ. ಆಮೇಲೆ ಯಾರೂ ನಗಲಿಲ್ಲ. ಅಪ್ಪ ನನ್ನನ್ನು ಎಳೆದು ಕೂರಿಸುತ್ತಾನೆಂದುಕೊಂಡೆ. ಅವನು ನೆಲ ನೋಡುತ್ತ, "ಹುಡಿಗಿ ಕೂಗ್ಯಾಳ, ಆಕಿ ಹೆಸರಿಗೇ ಬರಕೋರಿ ಕಾಕಾ" ಎಂದ. ಸಾಹೇಬರು ಮತ್ತೆ ಏರಿಸಲಿಲ್ಲ. ಮರುದಿನ ಕಚೇರಿಯಲ್ಲಿ ಏನಾಯಿತೆಂದು ಅಪ್ಪ ಯಾವತ್ತೂ ಹೇಳಲಿಲ್ಲ.

ಗೆದ್ದ ಭಾನುವಾರ ಅವ್ವನನ್ನು ಬಾಲ್ಕನಿಯ ಬಿಸಿಲಿಗೆ ಕೂರಿಸಿದೆ. "ಆಜ್ ಕುಛ್ ನಹೀ ಕರ್ನಾ, ಅವ್ವಾ. ಇವತ್ತ ಏನೂ ಮಾಡಬ್ಯಾಡ, ಸುಮ್ನ ಕೂಡು." ಕೈಗಳನ್ನು ಮಡಿಲಲ್ಲಿಟ್ಟು, ಬೇರೆಯವರ ಮನೆಗೆ ಬಂದವಳ ಹಾಗೆ ಕೂತಳು. ಕಿತ್ತಳೆ ಸುಲಿದು ಕೊಟ್ಟೆ, ತಿಂದಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಡುಗೆಮನೆಯಿಂದ ಪಟಪಟ ಸದ್ದು. ಬಾಗಿಲಲ್ಲಿ ನಿಂತು ಅತ್ತೆ. ಅವ್ವ ತಿರುಗದೆಯೇ, "ಸವಾಲು ಗೆದ್ದಾಕಿ ನೀನ ಅಲ್ಲೇನ? ಬಾ, ಬಿಸಿ ಅದ" ಎಂದಳು.

ಆ ಶಾಲೆಯಲ್ಲಿ ಈಗ ಹತ್ತನೆಯವರೆಗೂ ಕೋಣೆಗಳಿವೆಯಂತೆ. ಅಪ್ಪ ಇಲ್ಲ, ಅವ್ವ ಇಲ್ಲ, ಆ ಕ್ವಾರ್ಟರ್ಸನ್ನೂ ಕೆಡವಿದರು. ನನ್ನ ಭಾನುವಾರಗಳೆಲ್ಲ ಈಗ ನನ್ನವೇ. ಗೆದ್ದ ಆ ಒಂದು ದಿನ ನಾನು ಹಟ ಹಿಡಿದು ರೊಟ್ಟಿ ಮುಟ್ಟಲಿಲ್ಲ. ಅದು ಆರುವವರೆಗೂ ಅವ್ವ ತಾಟಿನ ಮುಂದೆ ಸುಮ್ಮನೆ ಕೂತಿದ್ದಳು.