ಓದಿ ಹೇಳದೆ ಬಿಟ್ಟ ಹೇಳಿಕೆ

ನಾಗಜ್ಯೋತಿ ಆಂಧ್ರದ ಆದೋನಿಯ ‘ನೀಡ’ ಸಂಸ್ಥೆಯಲ್ಲಿ ಒಂಬತ್ತು ವರ್ಷಗಳಿಂದ ಹೇಳಿಕೆ ಬರೆಯುತ್ತಿದ್ದಳು. ಮನೆಯಲ್ಲಿ ಪೆಟ್ಟು ತಿಂದು ಬಂದ ಹೆಂಗಸರಿಗೆ ತನ್ನ ತೆಲುಗು ಹೆಸರಿನ ಅರ್ಥದಂತೆಯೇ ನಾಲ್ಕು ದಿನ ನೆರಳು ಕೊಡುವ ಸಂಸ್ಥೆ ಅದು. ಗಡಿಯ ಹಾಲಹರವಿ ಕಡೆಯವರು ಕನ್ನಡದಲ್ಲಿ ಅಳುತ್ತಿದ್ದರು. ಠಾಣೆಗೂ ಕೋರ್ಟಿಗೂ ಕಾಗದ ತೆಲುಗಿನಲ್ಲೇ ಬೇಕಿತ್ತು. ಎರಡನ್ನೂ ಸಲೀಸಾಗಿ ಓದಿ ಬರೆಯಬಲ್ಲವರು ಅಲ್ಲಿ ಇಬ್ಬರೇ. ಒಬ್ಬರು ಮುಖ್ಯಸ್ಥೆ ವಿಜಯಶ್ರೀ ಮೇಡಂ. ಅವರಿಗೆ ಯಾವಾಗಲೂ ಮೀಟಿಂಗು. ಉಳಿದವಳು ನಾಗಜ್ಯೋತಿ.

ಹೀಗಾಗಿ ಒಂದೊಂದು ಸಂಕಟವೂ ಅವಳ ಮೇಲೆ ಮೂರು ಸಲ ಹಾಯುತ್ತಿತ್ತು. ಮೊದಲು ಕನ್ನಡದಲ್ಲಿ ಕೇಳಿ ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳಬೇಕು. ಆಮೇಲೆ ‘ನಾನು, ನನ್ನ ಗಂಡ’ ಎಂದು ಆ ಹೆಂಗಸೇ ಹೇಳುವಂತೆ ತೆಲುಗಿನಲ್ಲಿ ಬರೆಯಬೇಕು. ಕೊನೆಗೆ ಬರೆದದ್ದನ್ನು ಮತ್ತೆ ಕನ್ನಡ ಮಾಡಿ ಆಕೆಗೆ ಓದಿ ಹೇಳಬೇಕು. ಆಕೆ ಹೌದೆಂದರೆ ಹೆಬ್ಬೆಟ್ಟು.

ಈ ಮೂರನೆಯದು ಒಂದು ವರ್ಷದಿಂದ ನಾಗಜ್ಯೋತಿಗೆ ಆಗುತ್ತಿರಲಿಲ್ಲ. ಓದಲು ಕೂತರೆ ಎರಡನೆಯ ಸಾಲಿಗೇ ತಲೆ ಸುತ್ತಿ ಎದ್ದುಹೋಗುತ್ತಿದ್ದಳು. ಬಿ.ಪಿ. ಇರಬೇಕೆಂದು ತೋರಿಸಿದಳು, ಇರಲಿಲ್ಲ. ನಿದ್ದೆ ಕಮ್ಮಿಯಾಗಿದೆ ಎಂದುಕೊಂಡಳು. ಪಕ್ಕದ ಮನೆಯಲ್ಲಿ ದನಿ ಏರಿದರೆ ಹೋಗಿ ಬಾಗಿಲು ಬಡಿಯುತ್ತಿದ್ದಳು. ಒಮ್ಮೆ ಬಡಿದಾಗ ಆ ಗಂಡಹೆಂಡಿರು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು ಯಾರೆಂದು ವಾದಿಸುತ್ತಿದ್ದರು. ಮಗಳು ಮೌನಿಕಾಳನ್ನು ಎಮ್ಮಿಗನೂರಿನ ಸೋದರಮಾವನ ಮನೆಗೂ ಕಳಿಸಲಿಲ್ಲ. ಯಾಕೆಂದು ಆ ತಮ್ಮ ಕೇಳಿದರೆ ಅವನ ಮೇಲೆಯೇ ರೇಗಿದಳು.

ಸಂಸ್ಥೆಯೂ ಸುಮ್ಮನೆ ಕೂತಿರಲಿಲ್ಲ. ಸಿಬ್ಬಂದಿಯ ಮನಸ್ಸು ಹಗುರ ಮಾಡಲು ಕರ್ನೂಲಿನಿಂದ ಒಬ್ಬ ಸಾರ್ ಬಂದರು. ಎಲ್ಲರಿಗೂ ಬಲೂನು ಹಂಚಿ, ಮನಸ್ಸಿನ ಭಾರವನ್ನು ಅದರ ಮೇಲೆ ಬರೆದು ಒಡೆಯಿರಿ ಎಂದರು. ಹನ್ನೊಂದು ಬಲೂನು ಒಂದರ ಹಿಂದೊಂದು ಢಬ್ ಎಂದಾಗ ನಾಗಜ್ಯೋತಿ ಮೇಜಿನ ಕೆಳಗಿದ್ದಳು. ಸಾರ್ ಚಪ್ಪಾಳೆ ತಟ್ಟಿದರು. ಆ ಫೋಟೋ ‘ಒತ್ತಡಮುಕ್ತ ಬಳಗ’ ಎಂಬ ಹೆಸರಿನಲ್ಲಿ ವಾಟ್ಸಾಪ್ ಗುಂಪಿಗೂ ಬಂತು.

ಶುಕ್ರವಾರ ಹಾಲಹರವಿ ಕಡೆಯ ಎರ್ರಮ್ಮ ಬಂದಳು. ಎಡಗೈಗೆ ಬ್ಯಾಂಡೇಜು ಹಾಕಿತ್ತು. ಗಂಡ ಹೊನ್ನೂರಪ್ಪ ಬೆಲ್ಟಿನಿಂದ ಹೊಡೆದು ಕೈ ಮುರಿದಿದ್ದ. ಅವನು ಹತ್ತಿರ ಬರಬಾರದೆಂಬ ಆದೇಶ ಬೇಕಾದರೆ ಸೋಮವಾರ ಮಧ್ಯಾಹ್ನದೊಳಗೆ ಹೇಳಿಕೆ ಕೋರ್ಟಿಗೆ ಮುಟ್ಟಬೇಕು. ಇಲ್ಲದಿದ್ದರೆ ಅವನು ಬಂದು ಕರೆದುಕೊಂಡು ಹೋಗುತ್ತಾನೆ. ನಾಗಜ್ಯೋತಿ ಕೇಳಿದಳು, ಬರೆದಳು. ಓದಿ ಹೇಳುವ ಹೊತ್ತಿಗೆ, “ನೀ ಹೇಳಿದ್ದನ್ನೇ ಬರದೀನಮ್ಮ, ಒತ್ತು” ಎಂದು ಹೆಬ್ಬೆಟ್ಟು ಹಾಕಿಸಿಬಿಟ್ಟಳು. ಒಂದು ಪ್ರತಿ ಠಾಣೆಗೆ ಹೋಯಿತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾಗಜ್ಯೋತಿಯ ಗಂಡ ಹರೀಶ ಧುಮುಗುಡುತ್ತ ಸಂಸ್ಥೆಗೆ ಬಂದ. ಅವನು ಹತ್ತಿ ಮಿಲ್ಲಿನಲ್ಲಿ ಲಾರಿಗಳ ತೂಕ ಹಾಕುವವನು. ಹಿಂದೆಯೇ ಒಬ್ಬ ಕಾನ್‌ಸ್ಟೇಬಲ್, ಕೈಯಲ್ಲಿ ಕಾಗದ.

“ಏ ಜ್ಯೋತಿ! ಮಿಲ್ಲಿಗೆ ಬಂದು ಈತ ಏನಂತಾನ ಗೊತ್ತೈತೇನು? ‘ನೀನೇನಾ ಹರೀಶ? ಹೆಂಡ್ತಿ ಕೈ ಮುರದೀಯಂತ, ನಡಿ’ ಅಂತಾನ. ಲಾರಿಯವರೆಲ್ಲ ಇಳಿದು ನೋಡಾಕ ಹತ್ಯಾರ. ಯಾವ ಕೈ ಮುರದೀನಿ? ತೋರ್ಸು!”

ನಾಗಜ್ಯೋತಿ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಆಮೇಲೆ ಕಾಗದ ನೋಡಿದಳು. ಅವಳದೇ ದುಂಡಗಿನ ಅಕ್ಷರ: ನನ್ನ ಗಂಡ ಹರೀಶನು, ಹತ್ತಿ ಮಿಲ್ಲಿನಲ್ಲಿ ತೂಕ ಹಾಕುವವನು, ಬೆಲ್ಟಿನಿಂದ ಹೊಡೆದನು. ಒಂದು ಕಡೆಯಲ್ಲ, ನಾಲ್ಕು ಪುಟಗಳಲ್ಲಿ ಒಂಬತ್ತು ಕಡೆ. ಹೊನ್ನೂರಪ್ಪನ ಹೆಸರೇ ಇರಲಿಲ್ಲ.

“ಹದಿನಾಲ್ಕು ವರ್ಷದಾಗ ಒಂದಿನ ಕೈ ಎತ್ತೀನೇನು? ನನ್ನ ಬೆಲ್ಟ್ ಎಲ್ಲೈತಂತ ಮೂರು ತಿಂಗಳಿಂದ ಹುಡುಕ್ತೀನಿ.”

“ನಾನೇ ಬಿಸಾಕೀನಿ,” ಎಂದಳು ನಾಗಜ್ಯೋತಿ.

“ಯಾಕ?”

“ನೋಡಿದ್ರ ಭಯ ಆಗ್ತಿತ್ರೀ.”

ಹರೀಶನ ಸಿಟ್ಟು ಅಲ್ಲೇ ನಿಂತುಹೋಯಿತು. ಕುರ್ಚಿ ಎಳೆದು ಕೂತ. “ಬಿಟ್ಟುಬಿಡು ಈ ಕೆಲಸ,” ಎಂದ ಸಣ್ಣ ದನಿಯಲ್ಲಿ.

ವಿಜಯಶ್ರೀ ಮೇಡಂ ಕಾನ್‌ಸ್ಟೇಬಲನಿಗೆ ತಪ್ಪು ತಿಳಿಸಿ ಕಳಿಸಿದರು. ನಾಗಜ್ಯೋತಿಯ ಕಡೆ ತಿರುಗಿ, “ಹತ್ತು ದಿನ ರಜಾ ತಗೋ. ಮಂತ್ರಾಲಯಕ್ಕ ಹೋಗಿ ಬಾ, ಎಲ್ಲಾ ಸರಿ ಹೋಗ್ತದ,” ಎಂದರು.

“ಹೋದ ವರ್ಷನೂ ಹೋಗಿ ಬಂದೀನಲ್ಲ ಮೇಡಂ! ಬಂದ ದಿನಾನೇ ಮೂರು ಹೇಳಿಕೆ ಕೊಟ್ರಿ.” ನಾಗಜ್ಯೋತಿ ಎಂದೂ ಅಷ್ಟು ಜೋರಾಗಿ ಮಾತಾಡಿದವಳಲ್ಲ. “ನನಗ ಬಿ.ಪಿ. ಅಲ್ಲ, ನಿದ್ದಿ ಅಲ್ಲ. ಅವರಿಗೆ ಬಿದ್ದ ಏಟೆಲ್ಲ ನನ್ನ ಮನ್ಯಾಗ ಬಂದು ಕುಂತಾವ. ಇವತ್ತು ಗೊತ್ತಾತು. ಕೆಲಸ ನಾ ಬಿಡಂಗಿಲ್ಲ. ಆದರ ಒಬ್ಬಾಕಿನೇ ಮೂರು ಸಲ ಹೊರಂಗಿಲ್ಲ.”

ಅಷ್ಟರಲ್ಲಿ ಎರ್ರಮ್ಮ ಒಳಗಿನಿಂದ ಬಂದು ನಿಂತಿದ್ದಳು. “ಮೇಡಮ್ಮ, ನಾ ಮತ್ತ ಮೊದಲಿಂದ ಹೇಳಂಗಿಲ್ಲ. ಒಂದ್ಸಲ ಹೇಳಾಕ ಆರು ವರ್ಷ ಹಿಡದೈತಿ.”

“ನೀ ಹೇಳಾದು ಬ್ಯಾಡವ್ವ. ನೋಟ್‌ಬುಕ್‌ನಾಗ ಐತಿ,” ಎಂದಳು ನಾಗಜ್ಯೋತಿ. “ನಾ ಬರೀತೀನಿ. ಓದಿ ಹೇಳಾದು ವಿಜಯಶ್ರೀ ಮೇಡಂ.”

“ನನಗ ಹನ್ನೊಂದೂವರೆಗೆ ಮೀಟಿಂಗ್ ಐತಿ ಜ್ಯೋತಿ.”

“ಏನು ಮೀಟಿಂಗು?”

ಮೇಡಂ ಡೈರಿ ತೆರೆದು ನೋಡಿದರು. “ಸ್ಟಾಫ್ ವೆಲ್ಫೇರು.”

ಹರೀಶ ನಕ್ಕೇಬಿಟ್ಟ. ನಾಗಜ್ಯೋತಿಗೆ ನಗು ಬರಲಿಲ್ಲ. ಪೆನ್ನು ತೆಗೆದು ಬರೆಯತೊಡಗಿದಳು. ‘ನನ್ನ ಗಂಡ’ ಎಂದು ಬಂದಾಗಲೆಲ್ಲ ನಿಲ್ಲಿಸಿ ಎದುರಿಗಿದ್ದ ಎರ್ರಮ್ಮನ ಬ್ಯಾಂಡೇಜಿನ ಕೈ ನೋಡುತ್ತಿದ್ದಳು. ಆಮೇಲೆ ‘ಹೊನ್ನೂರಪ್ಪ’ ಎಂದು ಬರೆಯುತ್ತಿದ್ದಳು. ಒಂದೂಕಾಲು ಗಂಟೆ ಹಿಡಿಯಿತು. ನಾಲ್ಕು ಪುಟಗಳನ್ನು ಮೇಡಂ ಮುಂದಿಟ್ಟು ತಾನು ಗಂಡನ ಪಕ್ಕದಲ್ಲಿ ಹೋಗಿ ಕೂತಳು.

ವಿಜಯಶ್ರೀ ಮೇಡಂ ಕನ್ನಡಕ ಏರಿಸಿ ಓದತೊಡಗಿದರು. ಮೊದಲ ಪುಟ ಸರಾಗವಾಗಿ ಹೋಯಿತು. ಎರಡನೆಯದರ ನಡುವೆ ದನಿ ಇಳಿಯಿತು. ಮೀಟಿಂಗಿನ ಫೋನು ಬಂತು, ನೋಡದೆಯೇ ಕತ್ತರಿಸಿದರು. ನೀರು ಕುಡಿದರು, ಮತ್ತೆ ಆ ಸಾಲಿಗೇ ಬಂದರು, ಮತ್ತೆ ನಿಂತರು.

“ಇನ್ನ ಎರಡು ಪುಟ ಅದಾವ ಮೇಡಂ,” ಎಂದಳು ನಾಗಜ್ಯೋತಿ.

ಅವರು ಓದಿ ಮುಗಿಸಿದರು. ಎರ್ರಮ್ಮ, “ಹೌದ್ರಿ, ಇಷ್ಟೂ ಅವನೇ ಮಾಡ್ಯಾನ,” ಎಂದು ಹೆಬ್ಬೆಟ್ಟು ಒತ್ತಿದಳು. ಹರೀಶ ತಾನೇ ಕಾಗದ ತೆಗೆದುಕೊಂಡು ಕೋರ್ಟಿನ ಕಡೆ ಗಾಡಿ ಹತ್ತಿದ.

ಮೇಡಂ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ಒಂಬತ್ತು ವರ್ಷ ಇದನ್ನ ದಿನಾ ಓದೀಯೇನು?”

“ದಿನಾ ಇಲ್ಲ ಮೇಡಂ, ಭಾನುವಾರ ರಜಾ ಇರ್ತಿತ್ತು. ನಾಳೆ ಇಬ್ಬರು ಬರ್ತಾರ. ಒಬ್ಬಾಕಿನ್ನ ನೀವು ಕೇಳಿ ಬರೀರಿ, ಆಕಿದು ನಾ ಓದ್ತೀನಿ. ಇನ್ನೊಬ್ಬಾಕಿದು ನಾ ಬರೀತೀನಿ, ನೀವು ಓದ್ರಿ.”

ಮೇಡಂ ಡೈರಿ ತೆರೆದು ಮಂಗಳವಾರದ ಮೀಟಿಂಗಿನ ಮೇಲೆ ಗೀಟು ಎಳೆದರು.