ಮಾಸ್ತರರು ಹಿಡಿದ ಭಂಡಾರ

ಬಸಂತರಾಯ ಮಾಸ್ತರರು ದೇವರನ್ನು ನಂಬುವವರಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಸಿಂದಗಿ ಕಡೆಯ ಆ ಸಣ್ಣ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿದರು. ಸರಸ್ವತಿ ಪೂಜೆಯ ದಿನ ಬಂದು ಎಲ್ಲರೊಡನೆ ಚುರಮುರಿ ತಿನ್ನುತ್ತಿದ್ದರು, ಕೈ ಮಾತ್ರ ಮುಗಿಯುತ್ತಿರಲಿಲ್ಲ. ಇಂಡಿ ಪಟ್ಟಣದ ಕೋರ್ಟಿನಲ್ಲಿ ಒಮ್ಮೆ ಸಾಕ್ಷಿ ಹೇಳುವಾಗಲೂ ದೇವರ ಹೆಸರು ಬಿಟ್ಟೇ ಪ್ರಮಾಣ ಮಾಡಿ ಬಂದಿದ್ದರು. ಊರವರು ಚೇಷ್ಟೆ ಮಾಡಿದರೇ ಹೊರತು ಯಾರೂ ಬೈಯಲಿಲ್ಲ.

ನಿವೃತ್ತಿಯ ಮೇಲೆ ಸಂಕಟ ತಂದದ್ದು ಒಂದು ಎಣ್ಣೆ ಡಬ್ಬಿ. ಶಾಲೆಯ ಬಿಸಿಯೂಟದ ಕೋಣೆಯಿಂದ ಅದು ಮಾಯವಾಗಿ, ಅಪವಾದ ಅಡುಗೆಯ ಮರೆವ್ವನ ಮೇಲೆ ಬಂತು. ಹಿಂದಿನ ಸಂಜೆ ಆಕೆ ಬೀಗ ಹಾಕಿ ಬರಿಗೈಯಲ್ಲಿ ಮನೆಗೆ ಹೋದದ್ದನ್ನು ಶಾಲೆಯ ಎದುರಿನ ತಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದ ಮಾಸ್ತರರು ಕಣ್ಣಾರೆ ಕಂಡಿದ್ದರು. ಬೇರೆ ಯಾರೂ ಕಂಡಿರಲಿಲ್ಲ.

ಹಿರಿಯರು ಮಾಳಿಂಗರಾಯನ ಗುಡಿಯ ಮುಂದೆ ಸೇರಿದರು. ದೇವರ ಅರಿಶಿನ ಪುಡಿಗೆ ಅಲ್ಲಿ ಭಂಡಾರ ಎನ್ನುತ್ತಾರೆ. ಅದನ್ನು ಹಿಡಿದು ಆಡಿದ ಮಾತಿಗೆ ಎದುರು ಮಾತಿಲ್ಲ. ಮರೆವ್ವ ತಾನೇ ಹಿಡಿಯಲು ಮುಂದಾದಳು. ಅಪವಾದ ಹೊತ್ತವರ ಆಣೆ ನಡೆಯದು, ಕಂಡವರೇ ಹಿಡಿಯಬೇಕು ಎಂದು ಹಿರಿಯರು ತಡೆದರು.

“ನಿಮ್ಮ ಮಾತು ಸುಳ್ಳಂತ ಯಾರೂ ಅನ್ನೂದಿಲ್ರಿ ಸರ,” ಎಂದ ಶಾಲಾ ಸಮಿತಿಯ ಸಂಗಮೇಶ. ಅವನು ಮಾಸ್ತರರ ಕೈಯಲ್ಲೇ ಕಲಿತವನು. “ಆದ್ರ ಭಂಡಾರ ಹಿಡೀದ ಮಾತು ಇಲ್ಲಿ ನಡಿಯೂದಿಲ್ಲ. ನೀವು ಹಿಡೀಲಿಲ್ಲಂದ್ರ ನಾಳಿಂದ ಅಕಿ ಸಾಲಿಗೆ ಬರೂದು ಬ್ಯಾಡ.”

“ನಿಮಗ ಅದು ಬರೇ ಅರಿಶಿಣ ಅಲ್ಲೇನ್ರಿ? ಹಿಡಿದ್ರ ಏನು ಹೋಗ್ತೈತಿ?” ಎಂದು ಹಿಂದಿನಿಂದ ಒಬ್ಬರು ಕೆಣಕಿದರು.

ಏನು ಹೋಗುತ್ತದೆ ಎಂಬುದು ಮಾಸ್ತರರಿಗಷ್ಟೇ ಗೊತ್ತಿತ್ತು. ಅವರಿಗದು ಅರಿಶಿನ ನಿಜ, ಎದುರು ಕೂತವರಿಗೆ ಅದು ದೇವರು. ನಂಬದೆ ಹಿಡಿದರೆ ಸತ್ಯ ಹೇಳಲಿಕ್ಕೆ ಸುಳ್ಳಿನ ಸಹಾಯ ಪಡೆದಂತೆ. ನಂಬದ್ದನ್ನು ನಂಬಿದಂತೆ ಎಂದೂ ನಟಿಸಲಿಲ್ಲ ಎಂಬುದೊಂದೇ ಅವರ ಜೀವಮಾನದ ಗಳಿಕೆಯಾಗಿತ್ತು. ಮರೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡುತ್ತ ನಿಂತಿದ್ದಳು. ಮಾಸ್ತರರು ಅವಳನ್ನೊಮ್ಮೆ ನೋಡಿದರು.

ಎದ್ದು ಹೋಗಿ ಮುಷ್ಟಿ ತುಂಬ ಭಂಡಾರ ಹಿಡಿದರು. “ಮರೆವ್ವ ಬರಿಗೈಲೆ ಹೋಗ್ಯಾಳ. ನಾ ನೋಡೇನಿ.”

ಅಲ್ಲಿಗೆ ತಕರಾರು ಮುಗಿದು ಆಕೆಯ ಕೆಲಸ ಉಳಿಯಿತು. “ಕಡೀಕೂ ನಮ್ಮ ಸರ ದೇವರ ದಾರಿಗೆ ಬಂದ್ರು,” ಎಂದು ಸಂಗಮೇಶ ಖುಷಿಯಿಂದಲೇ ಅಂದ. ಎಲ್ಲರೂ ನಕ್ಕರು. ಯಾವ ಬೈಗುಳವೂ ಮಾಸ್ತರರನ್ನು ಅಷ್ಟು ನೋಯಿಸುತ್ತಿರಲಿಲ್ಲ. ಮುಷ್ಟಿ ಬಿಚ್ಚದೆ ಮನೆಯತ್ತ ನಡೆದರು.

ಕಟ್ಟೆ ಮುಟ್ಟುವಷ್ಟರಲ್ಲಿ ಮರೆವ್ವ ತಂಬಿಗೆಯಲ್ಲಿ ನೀರು ಹಿಡಿದು ಹಿಂದೆಯೇ ಬಂದಳು. ಭಂಡಾರದ ಒಂದು ಕಣ ನೆಲಕ್ಕೆ ಬಿದ್ದರೂ ಎತ್ತಿ ಕಣ್ಣಿಗೊತ್ತಿಕೊಳ್ಳುವ ಹೆಂಗಸು ಆಕೆ.

“ಕೈ ತೊಳಕೋರಿ ಸರ.”

“ಬ್ಯಾಡ ಮರೆವ್ವ. ನಿನಗ ಪಾಪ ಬರ್ತೈತಿ.”

“ಬಂದ್ರ ಬರ್ಲಿ. ದೇವರ ಕೂಡ ನಾ ಮಾತಾಡ್ತೇನಿ, ನೀವು ಕೈ ಚಾಚ್ರಿ.”

ಮಾಸ್ತರರು ಮುಷ್ಟಿ ಬಿಚ್ಚಿದರು. ಹಳದಿ ಪೂರ್ತಿ ಹೋಗುವವರೆಗೂ ಆಕೆ ನೀರು ಹಾಕಿದಳು.