ಕೇದಾರ ಘಾಟಿನ ಮೆಟ್ಟಿಲಿನಿಂದ

ಅವರ ಬಲಗೈ ತೋರುಬೆರಳು ನೆಟ್ಟಗಾಗುತ್ತಿರಲಿಲ್ಲ. ದಾರಿ ತೋರಿಸಲು ಎತ್ತಿದರೆ ತುದಿ ಅವರ ಕಡೆಗೇ ಬಾಗಿರುತ್ತಿತ್ತು.

ಗಂಗೆಯ ದಂಡೆಯ ಬಂಗಾಲಿ ಟೋಲಾ ಬಡಾವಣೆಯ ಯಾತ್ರಿನಿವಾಸದ ಮ್ಯಾನೇಜರ್ ಅವರು. ರೈಲ್ವೆಯಿಂದ ನಿವೃತ್ತರಾದ ಮೇಲೂ ಧಾರವಾಡಕ್ಕೆ ಹಿಂತಿರುಗದೆ ಉಳಿದವರು. ಸಂಶೋಧನೆಗೆ ಬಂದ ನಾನು ಅಲ್ಲೇ ಒಂದು ಕೋಣೆಯಲ್ಲಿದ್ದೆ. ನಿವಾಸದ ಬುಕಿಂಗ್‌ಗೆಂದು ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ವೆಬ್‌ಸೈಟ್ ಬರೆದುಕೊಟ್ಟಿದ್ದೆ.

ಫೋನಿನಲ್ಲಿ ದಾರಿ ಕೇಳುವ ಯಾತ್ರಿಕರಿಗೆ ಅವರದು ಒಂದೇ ಉತ್ತರ: “ನೀವು ಎಲ್ಲಿ ನಿಂತೀರಿ ಅನ್ನೂದು ಬಿಡ್ರಿ. ಕೇದಾರ ಘಾಟಿನ ಮೆಟ್ಟಿಲ ಮ್ಯಾಲೆ ಬಂದು ನಿಲ್ರಿ. ಅಲ್ಲಿಂದ ಹೇಳ್ತೀನಿ.”

ಒಂದು ಮಧ್ಯಾಹ್ನ ನನ್ನ ಪರದೆಯ ಮೇಲೆ ಎರಡು ಚುಕ್ಕೆ, ಒಂದು ಗೀಟು, ಮತ್ತೆ ಎರಡು ಚುಕ್ಕೆ, ಒಂದು ಗೀಟು, ಹೀಗೆ ಸಾಲಾಗಿ ಕಂಡು ಏನೆಂದು ಕೇಳಿದರು. ಒಂದು ಫೈಲು ಇನ್ನೊಂದನ್ನು ಹುಡುಕುವ ದಾರಿ, ಪ್ರತಿ ಜೋಡಿ ಚುಕ್ಕೆಗೂ ಒಂದು ಫೋಲ್ಡರ್ ಹಿಂದಕ್ಕೆ, ಎಂದೆ. ಆ ಡೊಂಕು ಬೆರಳಿನಿಂದ ಎಣಿಸುತ್ತ, ರಿಕ್ಷಾ ಹಿಂದೆ ಸರಿಸುವವರ ರಾಗದಲ್ಲಿ “ಪೀಛೇ, ಪೀಛೇ, ಪೀಛೇ...” ಎಂದರು. “ಇಷ್ಟು ಹಿಂದ ಸರದ್ರ ಗಂಗಿಯೊಳಗ ಬೀಳ್ತಿ ನೋಡೋ ತಮ್ಮಾ!”

ನಕ್ಕು ಕೆಲಸ ಮುಂದುವರಿಸಿದೆ. ಜನವರಿಯಲ್ಲಿ ಒಂದು ಫೋಲ್ಡರನ್ನು ಇನ್ನೊಂದರೊಳಗೆ ಸರಿಸಿದೆ. ಹಿಂದೆ ಹೋಗುವ ಎಣಿಕೆಯೆಲ್ಲ ತಪ್ಪಿ ಬುಕಿಂಗ್ ಪಟ್ಟಿ ತೆರೆಯದೆ ಪುಟ ಖಾಲಿ ಕಂಡಿತು. ಖಾಲಿಯೆಂದುಕೊಂಡು ಕೊನೆಯ ಕೋಣೆಯನ್ನು ಅವರು ಯಾರಿಗೋ ಕೊಟ್ಟರು. ಸಂಜೆ, ಅದನ್ನು ಮೊದಲೇ ಕಾಯ್ದಿರಿಸಿದ್ದ ಗಂಡಹೆಂಡತಿ ತಂದೆಯ ಅಸ್ಥಿ ಹಿಡಿದು ಬಾಗಿಲಲ್ಲಿ ನಿಂತರು. ಮ್ಯಾನೇಜರ್ ತಮ್ಮ ಕೋಣೆಯನ್ನೇ ಬಿಟ್ಟುಕೊಟ್ಟು ವರಾಂಡದಲ್ಲಿ ಹಾಸಿಕೊಂಡರು.

ನನ್ನ ಕೋಣೆಯೂ ಇತ್ತು. ಕೊಡುತ್ತೇನೆ ಎಂದೆನೆ? ಎಂದಂತೆ ನೆನಪು. ಖಚಿತವಿಲ್ಲ.

ಮರುದಿನ ದಾರಿಗಳನ್ನೆಲ್ಲ ತಿದ್ದಿದೆ. ಮುಖ್ಯ ಫೋಲ್ಡರಿಗೆ ‘ಘಾಟ್’ ಎಂದು ಅಡ್ಡಹೆಸರಿಟ್ಟೆ; ಯಾವ ಫೈಲು ಎಲ್ಲಿಗೆ ಸರಿದರೂ ಇನ್ನು ದಾರಿ ಅಲ್ಲಿಂದಲೇ ಶುರು. ತೋರಿಸಿದಾಗ “ಈಗ ಶಾಣ್ಯಾ ಆದಿ,” ಎಂದು ಕೆಮ್ಮಿದರು.

ಆ ಕೆಮ್ಮು ವರಾಂಡದ ಚಳಿಯದೋ, ಮೊದಲೇ ಇತ್ತೋ? ‘ಮೊದಲೇ ಇತ್ತು’ ಎಂದು ನನ್ನ ದಿನಚರಿಯಲ್ಲಿದೆ. ಆದರೆ ಆ ಸಾಲು ಬರೆದದ್ದು ಅವರು ತೀರಿಕೊಂಡ ಮೇಲೆ.

ಅವರನ್ನು ಹರಿಶ್ಚಂದ್ರ ಘಾಟಿಗೆ ಒಯ್ಯಬೇಕಿದ್ದ ಬೆಳಿಗ್ಗೆ, ಊರಿಂದ ಬಂದ ಅವರ ತಮ್ಮನ ಮಗ ಗೋದೌಲಿಯಾ ಚೌಕದಿಂದ ಫೋನ್ ಮಾಡಿದ. “ಬರೇ ಗಲ್ಲಿನ ಅದಾವ್ರಿ. ಇಲ್ಲಿಂದ ಹೆಂಗ ಬರಬೇಕ್ರಿ?”

“ಎಲ್ಲಿ ನಿಂತೀರಿ ಅನ್ನೂದು ಬಿಡ್ರಿ,” ಎಂದೆ. ಧಾರವಾಡದ ಮಾತು ನನ್ನದಲ್ಲ, ಆದರೂ ಹಾಗೇ ಬಂತು. “ಕೇದಾರ ಘಾಟಿನ ಮೆಟ್ಟಿಲ ಮ್ಯಾಲೆ ಬಂದು ನಿಲ್ರಿ. ಅಲ್ಲಿಂದ ನಾನೇ ಕರಕೊಂಡು ಬರ್ತೀನಿ.”

ಹೊರಟಾಗ ನನ್ನ ಕೋಣೆಯ ಬೀಗದಕೈಯನ್ನೂ ತೆಗೆದುಕೊಂಡೆ, ಅವನಿಗೆ ಕೊಡಲು.